ಸಾಯಿರಾಗೆ ಹೇಳಿದ ಸಿನಿಮಾ

ತನ್ನ ದನಿ ಬೇರೆಯವರ ಫೋನಿನಿಂದ ಬಂದದ್ದನ್ನು ರತ್ನಾಬಾಯಿ ಮೊದಲ ಸಲ ಕೇಳಿದ್ದು ಒಂದು ಸೋಮವಾರ ಬೆಳಗ್ಗೆ, ನರ್ಸ್ ನಾಗರತ್ನಾಳ ಜಂಪರಿನ ತೋಳಿಗೆ ಅಳತೆ ತೆಗೆದುಕೊಳ್ಳುತ್ತಿದ್ದಾಗ. ನಾಗರತ್ನಾ ಒಂದು ಕೈ ಚಾಚಿ ನಿಂತು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಗುತ್ತಿದ್ದಳು.

"ಆ ಕಾರಿನ ಗಾಜ ನೋಡ್ರಿ ಆಪಾ. ಪೂರಾ ಇಳಸಲಿಲ್ಲ ಆ ಮಗ. ನಾಕ ಬಟ್ಟ ಇಳಸ್ದ, ನಾಕ ಬೆರಳು ತೂರೋವಷ್ಟು. ತಾಯಿ ಮುಂದ ನಿಂತಾಳ, ನಾಕೇ ಬಟ್ಟ!"

ಅದರ ಬೆನ್ನಿಗೇ ಫೋನಿನಲ್ಲಿ ಒಂದು ಕತ್ತೆ ಅರಚಿತು. ಹತ್ತಾರು ಮಂದಿ ಗೊಳ್ಳೆಂದು ನಕ್ಕರು.

ರತ್ನಾಬಾಯಿಯ ಕೈಯಲ್ಲಿದ್ದ ಟೇಪು ಹಾಗೇ ನಿಂತಿತು. ನಾಗರತ್ನಾ ಅವಳ ಮುಖ ನೋಡಿದಳು, ಫೋನು ನೋಡಿದಳು, ನಗು ನಿಲ್ಲಿಸಿದಳು. "ಕಾಕು... ಇದು ನಿಮ್ಮ ದನೀನೇ ಅದ ಏನ್ರಿ? ನಾ ಯಾರೋ ಬ್ಯಾರೆದಾಕಿ ಅನ್ಕೊಂಡಿದ್ದೆ."

"ತಾ ಇಲ್ಲಿ."

ಪರದೆಯ ಮೇಲೆ ಒಂದು ಬೊಂಬೆ ಹೆಂಗಸು. ಅಂಗೈಯಷ್ಟು ದೊಡ್ಡ ಬಾಯಿ, ಹಣೆತುಂಬ ಕುಂಕುಮ, ಎಮ್ಮೆ ಮೆಲುಕು ಹಾಕಿದಂತೆ ದವಡೆ ಆಡಿಸುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಖಡಕ್ ಕಾಕು ಕೊರಿಯಾ ಸಿನಿಮಾ ನೋಡಿದಾಗ' ಎಂದು ಬರೆದಿತ್ತು. ರತ್ನಾಬಾಯಿ ಮೊದಲಿನಿಂದ ಕೇಳಿದಳು. ಎರಡನೆಯ ಸಲವೂ ಕೇಳಿದಳು. ಸಿನಿಮಾದ ಕೊನೆಯನ್ನು ಗೆಳತಿ ಸಾಯಿರಾಗೆ ಹೇಳುವಾಗ ಅವಳು ಅತ್ತಿದ್ದಳು. ಮೂಗು ಏರಿಸಿಕೊಂಡದ್ದೂ ಅದರಲ್ಲಿತ್ತು. ಅದು ಅವಳಿಗೆ ನೆನಪಿತ್ತು. ಕತ್ತೆಯನ್ನು ತಂದು ಕೂಡಿಸಿದ್ದು ಸರಿಯಾಗಿ ಆ ಜಾಗದಲ್ಲಿ.

ಅದಾದ ಮೇಲೆ ಇನ್ನೊಂದು ಮಾತು ಇತ್ತು. "ನಿಮ್ಮ ಮಶಾಕ್ ಹಂಗೇ ಮಾಡಿದ್ನಲ್ಲ ಆಪಾ, ಚಿತ್ತಾಪುರ ಸ್ಟ್ಯಾಂಡಿನ್ಯಾಗ? ಇಳದು ಬರಲಿಲ್ಲ, ಕುಂತಲ್ಲಿಂದೇ ಬಾ ಬಾ ಅಂದ." ಮತ್ತೆ ನಗು. ಮತ್ತೆ ಕತ್ತೆ.

ಸಾಯಿರಾಳ ಮಗನ ಹೆಸರನ್ನೂ ಬಿಟ್ಟಿರಲಿಲ್ಲ.

"ಯಾರ ಹಾಕ್ಯಾರ ಇದನ್ನ?" ರತ್ನಾಬಾಯಿಯ ದನಿ ತಣ್ಣಗಿತ್ತು. ನಾಗರತ್ನಾ ಹುಡುಕಿ ಹೇಳಿದಳು. ಹೆಸರು ಕೇಳಿದ ಕೂಡಲೇ ರತ್ನಾಬಾಯಿಗೆ ಎಲ್ಲ ತಿಳಿಯಿತು. ಹದಿನೈದು ದಿನದ ಹಿಂದೆ ಅವಳ ಫೋನು ಚಾರ್ಜ್ ಹಿಡಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಶಿವರಾಯನ ಮೊಬೈಲ್ ಅಂಗಡಿಯಲ್ಲಿ ಎರಡು ದಿನ ಬಿಟ್ಟು ಬಂದಿದ್ದಳು. ತೆರೆದು ನೋಡಬೇಕು ಎಂದು ಅವನು ಕೇಳಿದಾಗ, ಪರದೆಯ ಮೇಲೆ ಬೆರಳಿನಿಂದ ಎಳೆಯುವ ಗುರುತನ್ನೂ ತಾನೇ ತೋರಿಸಿಕೊಟ್ಟಿದ್ದಳು.

ಸಾಯಿರಾ ಈ ಮನೆಯ ಮುಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತು ರತ್ನಾಬಾಯಿ ಹೊಲಿದ ಜಂಪರಿಗೆ ಹುಕ್ಕು, ಗುಂಡಿ, ಕೈಹೊಲಿಗೆ ಹಾಕಿದವಳು. ರತ್ನಾಬಾಯಿಗಿಂತ ಆರು ವರ್ಷ ದೊಡ್ಡವಳು, ಅದಕ್ಕೆ ಆಪಾ, ಅಕ್ಕ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ದಾರದ ಡಬ್ಬಿಗೆ ಫೋನು ಒರಗಿಸಿಟ್ಟು ಇಬ್ಬರೂ ಸಿನಿಮಾ ನೋಡುತ್ತಿದ್ದರು. ಟಿವಿಯ ಧಾರಾವಾಹಿಗಳನ್ನು ರತ್ನಾಬಾಯಿ ಎಂದೋ ಬಿಟ್ಟಿದ್ದಳು. ಪ್ರತಿ ಮನೆಯಲ್ಲೂ ಒಬ್ಬಳು ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುವುದು, ಒಂದೇ ಮುಖವನ್ನು ಮೂರು ಸಲ ತೋರಿಸುವುದು ನೋಡಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಬ್ಬರೂ ನೋಡುತ್ತಿದ್ದದ್ದು ಕೊರಿಯಾದ್ದು, ಜಪಾನಿಂದು, ಇರಾನಿಂದು, ಚೀನಾದ್ದು. ಕೆಲವು ಹಿಂದಿಯಲ್ಲಿ ಇರುತ್ತಿದ್ದವು, ಕೆಲವು ತೆಲುಗಿನಲ್ಲಿ. ಗಡಿಯ ಊರವರಿಗೆ ಎರಡೂ ಬರುತ್ತವೆ. ಯಾವುದೂ ಇಲ್ಲದಿದ್ದರೆ ಬರೀ ನೋಡುತ್ತಿದ್ದರು. ಜಪಾನಿನ ಒಂದು ಸಿನಿಮಾದಲ್ಲಿ ಮನೆಗೆ ಬಂದವರ ಚಪ್ಪಲಿಯನ್ನು ಮನೆಯಾಕೆ ಒಂದೊಂದಾಗಿ ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ಇಟ್ಟಳು. "ಹೋಗ್ರಿ ಅಂತ ಹೇಳಾಕತ್ತಾಳೋ, ಹೋಗಾಗ ತ್ರಾಸ ಆಗಬಾರದು ಅಂತ ಮಾಡಾಕತ್ತಾಳೋ?" ಎಂದು ಇಬ್ಬರೂ ಒಂದು ವಾರ ವಾದ ಮಾಡಿದ್ದರು.

ಆಮೇಲೆ ಸಾಯಿರಾಳ ಕಣ್ಣಿನ ನರ ಒಣಗುತ್ತ ಬಂತು. ಮೊದಲು ಸೂಜಿಯ ತೂತು ಕಾಣಲಿಲ್ಲ, ಆಮೇಲೆ ಸೂಜಿ, ಕೊನೆಗೆ ಬಟ್ಟೆ. ಮಗ ಮಶಾಕ್‌ಗೆ ವಾಡಿ ಜಂಕ್ಷನ್ನಿನ ಯಾರ್ಡಿನಲ್ಲಿ ರೈಲ್ವೆ ಕೆಲಸ. ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಹೋಗುವ ದಿನ ಸಾಯಿರಾ, "ನೀ ನೋಡು. ನೋಡಿ ನನಗ ಹೇಳು," ಎಂದಿದ್ದಳು. ಅಂದಿನಿಂದ ಎರಡು ವರ್ಷ, ವಾರಕ್ಕೆ ಎರಡು ಸಲ, ರತ್ನಾಬಾಯಿ ಫೋನಿಗೆ ಬಾಯಿ ಹಚ್ಚಿ ಸಿನಿಮಾ ಹೇಳಿ ಕಳಿಸುತ್ತಿದ್ದಳು. ಅಲ್ಲಿ ಸಾಯಿರಾ ಅದನ್ನು ಕಿವಿಗೆ ಹಿಡಿದು ಕೇಳುತ್ತಿದ್ದಳು.

ಆ ಇನ್ನೂರು ಚಿಲ್ಲರೆ ಮಾತುಗಳೂ ಈಗ ಶಿವರಾಯನ ಹತ್ತಿರ ಇದ್ದವು.

ನಾಗರತ್ನಾ ಹೋದ ಕೂಡಲೇ ರತ್ನಾಬಾಯಿ ವಾಡಿಗೆ ಫೋನು ಹಚ್ಚಿದಳು. ಎತ್ತಿದ್ದು ಮಶಾಕ್.

"ಇನ್ನ ಮ್ಯಾಲ ಈ ನಂಬರಿಗಿ ಫೋನ್ ಮಾಡಬ್ಯಾಡ್ರಿ."

"ಮಶಾಕ್, ಅದು ನಾ ಹಾಕಿಲ್ಲಪ್ಪ..."

"ಯಾರ್ ಹಾಕಿದ್ರೇನ್ರಿ? ಮಾತು ನಿಮ್ದೇ ಅದಲ್ಲ. ಯಾರ್ಡಿನ್ಯಾಗ ಎಲ್ಲಾರೂ ನನಗ ನಾಕ ಬಟ್ಟ, ನಾಕ ಬಟ್ಟ ಅಂತ ಕೂಗಾಕತ್ತಾರ." ಫೋನು ಕಟ್ಟಾಯಿತು. ಸಣ್ಣವನಿದ್ದಾಗಿನಿಂದ ಅವಳನ್ನು ಖಾಲಾ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹುಡುಗ. ಇವತ್ತು ಏನೂ ಕರೆಯಲಿಲ್ಲ.

ಸಂಜೆ ಗಂಡ ಬಸವಂತರಾಯ ಕಚೇರಿಯಿಂದ ಬಂದ. ಅವನು ಗುಮಾಸ್ತ, ಯಾರ ಜೊತೆಗೂ ಜಗಳ ಕಾಯದ ಮನುಷ್ಯ. ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಕೂತು, ಅವಳ ಮುಖ ನೋಡದೆ ಹೇಳಿದ: "ಶುಕ್ರವಾರದಿಂದ ಆಫೀಸನ್ಯಾಗ ಅದೇ ಮಾತು. ಸೇಡಂ, ಶಹಾಬಾದ ಮಂದಿನೂ ನೋಡ್ಯಾರಂತ."

"ಶುಕ್ರವಾರದಿಂದ?" ರತ್ನಾಬಾಯಿ ಎದ್ದು ನಿಂತಳು. "ನಿಮಗ ಶುಕ್ರವಾರದಿಂದ ಗೊತ್ತದ?"

"ಹೇಳಿದ್ರ ನಿನಗ ಬ್ಯಾಸರ ಆಗ್ತದಂತ..."

"ಅವರು ನಕ್ಕಾಗ ನೀವೇನ್ ಮಾಡಿದ್ರಿ?"

ಬಸವಂತರಾಯ ಚಹಾದ ಕಪ್ಪಿಗೆ ಕೈ ಚಾಚಿದ.

"ನಕ್ರಿ."

"ಸ್ವಲ್ಪ... ಎಲ್ಲಾರೂ ನಗಾಕತ್ತಾಗ ಒಬ್ಬನೇ ಮಾರಿ ಗಂಟ ಹಾಕ್ಕೊಂಡು ಕುಂದ್ರಲಿಕ್ಕ ಆಗ್ತದೇನ?"

ರತ್ನಾಬಾಯಿ ಅವನ ಮುಂದಿಟ್ಟಿದ್ದ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿ ಮೋರಿಗೆ ಸುರಿದು ಬಂದಳು. "ಮೂವತ್ತು ವರ್ಷ ನಿಮ್ಮ ಜೋಡಿ ಬಾಳೇವ ಮಾಡೀನಿ. ನನ್ನ ಅಳು ಯಾವುದು, ಕತ್ತಿ ಕೂಗು ಯಾವುದು, ನಿಮಗ ಗೊತ್ತಾಗಲಿಲ್ಲೇನು?" ಎಂದಳು. ಅವನು ಕೆಟ್ಟವನಲ್ಲ ಎಂಬುದೇ ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವಳು ಶಿವರಾಯನ ಬಾಗಿಲಲ್ಲಿದ್ದಳು. ಶಿವರಾಯನಿಗೆ ಮೂವತ್ತರ ಆಸುಪಾಸು. ಅವಳನ್ನು ಕಂಡು ಹೆದರಲಿಲ್ಲ, ಅರಳಿದ.

"ಬರ್ರಿ ಕಾಕು, ಬರ್ರಿ! ಕುಂದ್ರಿ. ನಾನೇ ನಿಮ್ಮ ಮನಿಗಿ ಬರಬೇಕು ಅಂತಿದ್ದೆ. ನಿಮಗ ಗೊತ್ತದೇನ್ರಿ, ಎಷ್ಟ್ ಲಕ್ಷ ಮಂದಿ ನೋಡ್ಯಾರಂತ? ನೀವು ಫೇಮಸ್ ಆಗೀರಿ!"

"ತಗಿ ಅದನ್ನ."

"ಅದರಾಗ ತಪ್ಪೇನದ್ರಿ? ನಿಮ್ಮ ಮಾರಿ ಹಾಕಿಲ್ಲ. ನಿಮ್ಮ ಹೆಸರ ಹಾಕಿಲ್ಲ. ಮಂದಿ ಖುಷಿಲೇ ನಗ್ತಾರ, ಅಷ್ಟೇ. ನಮ್ಮ ಭಾಷಾ ಎಲ್ಲಾ ಕಡಿ ಹೊಂಟದ."

"ನಮ್ಮ ಭಾಷಾ ಕತ್ತಿ ಜೋಡಿ ಹೊಂಟದ, ಹೌದಿಲ್ಲ? ತಮ್ಮಾ, ನಾ ನಿನಗ ಚಾರ್ಜಿಂದು ಮಾಡು ಅಂತ ಕೊಟ್ಟಿದ್ದೆ. ನನ್ನ ಮಾತು ಕದಿ ಅಂತ ಕೊಟ್ಟಿದ್ದಿಲ್ಲ."

"ಕದಿಯೋದು ಅಂದ್ರ ದೊಡ್ಡ ಮಾತಾಯ್ತು, ಕಾಕು." ಅವನ ನಗು ಸಣ್ಣಗಾಯಿತು. "ಸಿನಿಮಾ ಕತಿ ಯಾರ್ದೂ ಆಸ್ತಿ ಅಲ್ಲ. ಮನಿಗಿ ಹೋಗ್ರಿ, ಆಮ್ಯಾಲ ಮಾತಾಡಣ."

ರತ್ನಾಬಾಯಿ ಮನೆಗೆ ಹೋಗಲಿಲ್ಲ. ಗಿರಾಕಿಗಳಿಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಬಾಗಿಲ ಪಕ್ಕ ಹಾಕಿಕೊಂಡು ಕೂತಳು. ಮೊದಲು ಬಂದವನು ಚಿಮ್ಮನಚೋಡ ಊರಿನ ಒಬ್ಬ ರೈತ, ಒಡೆದ ಪರದೆಯ ಫೋನು ಹಿಡಿದಿದ್ದ. ರತ್ನಾಬಾಯಿ ದನಿ ಎತ್ತರಿಸದೆ ಹೇಳಿದಳು: "ಅಣ್ಣಾ, ಫೋನ್ ಇಲ್ಲಿ ಬಿಟ್ಟು ಹೋಗೋದಿದ್ರ ಮನಿ ಮಾತೆಲ್ಲಾ ಅಳಿಸಿ ಬಿಡ್ರಿ. ಇವರು ರಿಪೇರಿ ಮಾಡ್ತಾರ, ಕೇಳಿಸ್ಕೊತಾರ, ಆಮ್ಯಾಲ ಊರಿಗೆಲ್ಲಾ ಕೇಳಸ್ತಾರ. ನಂದು ಕೇಳ್ಸ್ಯಾರ." ಆ ಮನುಷ್ಯ ಅವಳನ್ನು ನೋಡಿದ, ಶಿವರಾಯನನ್ನು ನೋಡಿದ, ಫೋನು ಜೇಬಿಗೆ ಇಳಿಸಿದ.

ಆಮೇಲೆ ಬಂದವರು ಇಬ್ಬರು ಕಾಲೇಜು ಹುಡುಗಿಯರು. ಅವರಿಗೂ ಅದನ್ನೇ ಹೇಳಿದಳು. ಅವರಲ್ಲಿ ಒಬ್ಬಳು ಆಗಲೇ ಬಿಟ್ಟಿದ್ದ ಫೋನನ್ನು ವಾಪಸ್ ಇಸಿದುಕೊಂಡು ಹೋದಳು. ಬಿಸಿಲು ಏರುವ ಹೊತ್ತಿಗೆ ಎದುರಿನ ಹೋಟೆಲಿನವರು ಹೊರಗೆ ಬಂದು ನಿಂತಿದ್ದರು.

ಆಗ ಶಿವರಾಯ ತನ್ನ ಫೋನು ಎತ್ತಿ ಅವಳ ಕಡೆ ಹಿಡಿದ. ಅವಳು ಸಿಟ್ಟಾಗಲಿ, ಕೂಗಾಡಲಿ, ಎಂದು ಕಾಯುವವನಂತೆ ಬಾಯಂಚಿನಲ್ಲಿ ನಕ್ಕ.

ರತ್ನಾಬಾಯಿ ಎದ್ದಳು. ಸೆರಗು ಸರಿ ಮಾಡಿಕೊಂಡು ನೇರ ಆ ಕ್ಯಾಮೆರಾದ ಮುಂದೆ ಹೋಗಿ ನಿಂತಳು. "ನನ್ನ ಹೆಸರು ರತ್ನಾಬಾಯಿ. ಚಂದಾಪುರದಾಗ ಜಂಪರ್ ಹೊಲೀತೀನಿ. ನನ್ನ ಗೆಳತಿಗಿ ಕಣ್ಣ ಕಾಣಂಗಿಲ್ಲ. ಆಕಿಗಿ ನಾ ಸಿನಿಮಾ ಹೇಳ್ತಿದ್ದೆ. ಈ ಶಿವರಾಯ ರಿಪೇರಿಗಿ ಕೊಟ್ಟ ಫೋನಿನ್ಯಾಗಿಂದ ಅದನ್ನ ಕದ್ದು, ನಾ ಅತ್ತಲ್ಲಿ ಕತ್ತಿ ಕೂಗ್ಸ್ಯಾನ." ಅವಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು. "ಹಾಕು. ಇದನ್ನೂ ಹಾಕು. ಕತ್ತರಸದಂಗ ಹಾಕು."

ಶಿವರಾಯ ಫೋನು ಇಳಿಸಿದ. ಹೋಟೆಲಿನ ಮುಂದೆ ಯಾರೋ "ಏ, ತಗಿಯೋ ಮಾರಾಯ, ಹೆಣ್ಣಮಕ್ಕಳ ಬಾಯಿಗಿ ಯಾಕ ಬೀಳ್ತಿ," ಎಂದರು. ಆ ಮಾತಿಗೂ ರತ್ನಾಬಾಯಿಗೆ ಸಿಟ್ಟೇ ಬಂತು. ಇದು ಹೆಣ್ಣಮಕ್ಕಳ ಬಾಯಿಯ ಪ್ರಶ್ನೆಯಾಗಿರಲಿಲ್ಲ. ಆದರೆ ಶಿವರಾಯ ಅವಳ ಕಣ್ಣೆದುರೇ ಒಂದೊಂದಾಗಿ ಏಳು ವಿಡಿಯೊ ತೆಗೆದ. ಏಳು! ಅವಳಿಗೆ ಗೊತ್ತಿದ್ದದ್ದು ಒಂದೇ. ಆಮೇಲೆ ಅವನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಅವಳ ಮಾತುಗಳನ್ನೂ ಅಳಿಸಿದ.

"ಮಂದಿ ಆಗ್ಲೇ ತಮ್ಮ ತಮ್ಮ ಫೋನಿಗಿ ಇಳಸ್ಕೊಂಡಾರ, ಕಾಕು. ಅವನ್ನ ತಗಿಯೋದು ನನ್ನ ಕೈಯಾಗಿಲ್ಲ," ಎಂದ ಕೊನೆಗೆ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ಹಾಕೋದು ಇತ್ತಲ್ಲ ನಿನ್ನ ಕೈಯಾಗ?" ಎಂದು ಅವಳು ಕುರ್ಚಿಯನ್ನು ಇದ್ದಲ್ಲಿಗೆ ತಳ್ಳಿ ಹೊರಟಳು.

ಅವನು ಹೇಳಿದ್ದು ಖರೆ ಎಂಬುದು ಎರಡು ದಿನಗಳ ಮೇಲೆ, ವಾಡಿಗೆ ಹೊರಟಾಗ ತಿಳಿಯಿತು. ಬಸ್ಸು ಕಾಳಗಿ ದಾಟಿತ್ತು, ಎರಡೂ ಕಡೆ ತೊಗರಿ ಹೂವಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮತ್ತೆ ಅದೇ ಕತ್ತೆ ಕೂಗಿತು. ರತ್ನಾಬಾಯಿ ತಿರುಗಿ ನೋಡಿದಳು. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಮರ್ಯಾದಸ್ಥರಂತೆ ಕಾಣುವ ಹಿರಿಯ.

"ಅದನ್ನ ಬಂದ್ ಮಾಡ್ರಿ."

"ಕಾಮಿಡಿ ಅದ ಯವ್ವಾ, ಕೇಳು ನೀನೂ."

"ಅದು ನನ್ನ ದನಿ ಅದರಿ."

ಹಿರಿಯನು ಗಲಿಬಿಲಿಗೊಂಡು ಫೋನು ಆರಿಸಿದ. ಚಿತ್ತಾಪುರ ಬರುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತ ಕೂತ. ಅಲ್ಲಿ ಚೀಲ ಎತ್ತಿಕೊಂಡು ಇಳಿದುಹೋದ.

ವಾಡಿಯಲ್ಲಿ ಮಶಾಕ್‌ನ ಮನೆಯ ಬಾಗಿಲು ತೆರೆದವಳು ಅವನ ಹೆಂಡತಿ ಜಬೀನಾ. ಒಳಗೆ ಬನ್ನಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ದಾರಿ ಬಿಟ್ಟು ಸರಿದು ನಿಂತಳು. ಹಿಂದಿನ ಕೋಣೆಯ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಸಾಯಿರಾ ಕೂತಿದ್ದಳು. ಹೆಜ್ಜೆಯ ಸದ್ದಿಗೇ ಯಾರೆಂದು ತಿಳಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಆಪಾ, ಆ ಶಿವರಾಯನ ಕಡಿಂದ ಎಲ್ಲಾ ತಗಸೀನಿ. ಇಡೀ ಬಜಾರದಾಗ ಮರ್ಯಾದಿ ಕಳದು ತಗಸೀನಿ."

"ಮತ್ತ ನಂದು?"

"ಅಂದ್ರ?"

"ಅರೇ, ನೀ ಅಂವನ ಮರ್ಯಾದಿ ಕಳದಿ. ಅಂವ ನಿಂದು ಕಳದ. ನನ್ನ ಮಗಂದು ಯಾರ್ ಕಳದ್ರು?" ಸಾಯಿರಾ ಈಗ ಈ ಕಡೆ ತಿರುಗಿದಳು. ಕಾಣದ ಕಣ್ಣು ರತ್ನಾಬಾಯಿಯ ಭುಜದ ಆಚೆ ಎಲ್ಲೋ ನೆಟ್ಟಿತ್ತು. "ಅಂವ ಚಿತ್ತಾಪುರ ಸ್ಟ್ಯಾಂಡಿನ್ಯಾಗ ಯಾಕ ಇಳೀಲಿಲ್ಲ, ಕೇಳಿದ್ದಿಯೇನು? ಹಿಂದ ಬಸ್ಸು ಹಾರನ್ ಹೊಡ್ಯಾಕತ್ತಿತ್ತು. ಗಾಡಿ ದೋಸ್ತಂದು. ಅಲ್ಲಿ ನಿಲ್ಲಿಸಿ ಇಳದ್ರ ಪೊಲೀಸ್ರು ಫೋಟೋ ಹೊಡದು ದಂಡ ಹಾಕ್ತಾರಂತ ಕುಂತಲ್ಲಿಂದೇ ನನ್ನ ಕೂಗ್ದ. ಮನಿಗಿ ಬಂದು ನನ್ನ ಎತ್ಕೊಂಡು ಮೆಟ್ಟಲ ಹತ್ತಿಸ್ದ. ಹೈದ್ರಾಬಾದಿಗಿ ಆರು ಸಲ ಕರ್ಕೊಂಡು ಹೋಗ್ಯಾನ, ಒಂದೊಂದು ಸಲ ದವಾಖಾನಿ ನೆಲದ ಮ್ಯಾಲ ಮಲಗ್ಯಾನ. ಅದು ಯಾವ ಸಿನಿಮಾದಾಗ ಅದ? ಹೇಳು!"

"ನೀವೇ ಹೇಳಿದ್ರಲ್ಲ ಆಪಾ, ಇಳೀಲಿಲ್ಲ ಅಂತ..."

"ಹೇಳ್ದೆ. ಸಿಟ್ಟಿನ್ಯಾಗ ತಾಯಿ ನೂರ ಹೇಳ್ತಾಳ. ನೀ ಅದನ್ನ ತಗೊಂಡು ಕೊರಿಯಾದವನ ಕಾರಿನ್ಯಾಗ ಕುಂದ್ರಿಸ್ದಿ."

ಇಷ್ಟು ದಿನ ರತ್ನಾಬಾಯಿಯ ಸಿಟ್ಟಿಗೆ ಒಂದೇ ದಿಕ್ಕು ಇತ್ತು, ಬಸ್‌ಸ್ಟ್ಯಾಂಡಿನ ಆ ಅಂಗಡಿಯ ದಿಕ್ಕು. ಈಗ ಅದು ತಿರುಗಿ ಅವಳ ಎದೆಗೇ ಹೊಡೆಯಿತು. ಎಷ್ಟೋ ವರ್ಷ ಕಣ್ಣೆದುರು ಬೆಳೆದ ಹುಡುಗನ ಒಂದು ಕ್ಷಣವನ್ನು ಅವಳೂ ಕತ್ತರಿಸಿ ತೆಗೆದಿದ್ದಳು. ಕತ್ತೆ ಇರಲಿಲ್ಲ, ಅಷ್ಟೇ. ಆದರೂ ಅವಳ ಬಾಯಿಂದ ಬಂದದ್ದು ಸಿಟ್ಟಿನ ಮಾತೇ.

"ನಿಮಗಷ್ಟೇ ಹೇಳಿದ್ದೆ ಆಪಾ! ನಿಮ್ಮ ಕಿವಿಗಷ್ಟೇ. ಹೌದು, ತಪ್ಪು ಮಾತಾಡೀನಿ. ನಿಮ್ಮ ಮುಂದ ತಪ್ಪು ಮಾತಾಡಲಿಕ್ಕೂ ನನಗ ಹಕ್ಕಿಲ್ಲೇನು? ಇಪ್ಪತ್ತು ವರ್ಷ ಜಗಳ ಆಡೀವಿ. ನೀವು ಅಲ್ಲೇ ನನಗ ಬೈದಿದ್ರ ಮುಗೀತಿತ್ತು. ಆ ಶಿವರಾಯ ಅದನ್ನೂ ಕಸಗೊಂಡ."

ಬಾಗಿಲಲ್ಲಿ ಮಶಾಕ್ ನಿಂತಿದ್ದ. ಡ್ಯೂಟಿ ಮುಗಿಸಿ ಬಂದವನು, ಅಂಗಿಯ ಮೇಲೆ ಗೂಡ್ಸ್ ಗಾಡಿಯ ಸಿಮೆಂಟಿನ ಧೂಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ರತ್ನಾಬಾಯಿ ಅವನ ಕಡೆ ತಿರುಗಿದಳು. ವಯಸ್ಸಿನಲ್ಲಿ ಸಣ್ಣವನಿಗೆ ತಪ್ಪಾಯಿತು ಎನ್ನುವುದು ಅವಳಿಗೆ ರೂಢಿ ಇರಲಿಲ್ಲ.

"ಮಶಾಕ್, ತಪ್ಪು ಮಾಡೀನಿ. ನಿನ್ನ ಕೇಳದೇ ಮಾತಾಡೀನಿ."

ಅವನು ಅಂಗಿಯ ಧೂಳು ಕೊಡವಿದ. "ಯಾರ್ಡಿನ್ಯಾಗ ಇದನ್ನ ಹೆಂಗ ಹೇಳ್ಲಿ ನಾ?" ಎಂದ. "ಒಬ್ಬೊಬ್ಬನ ಹಂತೇಲಿ ಹೋಗಿ, ನಮ್ಮ ಖಾಲಾ ತಪ್ಪಾಯ್ತು ಅಂದಾಳಂತ ಹೇಳ್ಲೇನು?" ಸಿಟ್ಟಿನಲ್ಲೂ ಖಾಲಾ ಎಂಬ ಮಾತು ಬಾಯಿಂದ ಜಾರಿತು ಎಂಬುದು ಅವನಿಗೂ ಗೊತ್ತಾದಂತಿತ್ತು. ಮುಖ ಬಿಗಿದು ನಲ್ಲಿಯ ಕಡೆ ಹೊರಟ. ಹೋಗುತ್ತ ಹೇಳಿದ, "ಫೋನಿನ್ಯಾಗ ಏನೂ ಕಳಸಬ್ಯಾಡ್ರಿ. ನಮ್ಮವ್ವಗ ಏನ್ ಹೇಳೋದಿದ್ರೂ ಇಲ್ಲಿ ಬಂದು ಹೇಳ್ರಿ."

ಅವತ್ತು ರತ್ನಾಬಾಯಿಗೆ ಯಾರೂ ಚಹಾ ಕೇಳಲಿಲ್ಲ. ಅವಳೂ ಕೂಡಲಿಲ್ಲ. ಹೊರಡುವಾಗ ಸಾಯಿರಾ, "ಮುಂದಿನ ತಿಂಗಳ ಬಾ. ಈಗ ನಿನ್ನ ದನಿ ಕೇಳಿದ್ರ ನನಗ ಸಿಟ್ಟ ಬರಾಕತ್ತದ," ಎಂದಳು.

ಬೇರೆ ಬೇರೆ ಊರಿನ ಫೋನುಗಳಲ್ಲಿ ಆ ವಿಡಿಯೊ ಇನ್ನೂ ಓಡುತ್ತಿತ್ತು. ಒಂದು ಮಧ್ಯಾಹ್ನ ಯಾವುದೋ ದೊಡ್ಡ ಊರಿನ ಹುಡುಗನೊಬ್ಬ ಅವಳ ನಂಬರು ಹುಡುಕಿ ಫೋನು ಮಾಡಿದ. ಕಾಕು, ನಿಮ್ಮ ಭಾಷೆ ತುಂಬಾ ಕ್ಯೂಟ್ ಆಗಿದೆ, ವಾರಕ್ಕೊಂದು ಸಿನಿಮಾದ ಬಗ್ಗೆ ಮಾತಾಡಿ, ನಾವು ಎಡಿಟ್ ಮಾಡ್ಕೋತೀವಿ ಎಂದ. "ಏನು ಎಡಿಟ್ ಮಾಡ್ತಿ?" ಎಂದು ಅವಳು ಕೇಳಿದಳು. ಸ್ವಲ್ಪ ಸೌಂಡ್ ಎಫೆಕ್ಟು, ಸ್ವಲ್ಪ ಫನ್ನು ಎಂದ. ರತ್ನಾಬಾಯಿ ಬೈದ ಬೈಗುಳ ಓಣಿಯ ಕೊನೆಯ ಮನೆಗೂ ಕೇಳಿಸಿತು. ಬಸವಂತರಾಯ ಪೇಪರು ಕೆಳಗಿಟ್ಟು, ಅವಳ ಕೈಯಿಂದ ಫೋನು ಇಸಿದುಕೊಂಡು, ಜೀವನದಲ್ಲಿ ಮೊದಲ ಸಲ ಒಬ್ಬ ಅಪರಿಚಿತನಿಗೆ, "ಇನ್ನೊಮ್ಮಿ ಮಾಡಿದ್ರ ನೋಡು," ಎಂದ. ಅದು ಸಾಲದಾಗಿತ್ತು. ಆದರೂ ಅವಳು ಅವತ್ತಿನ ಚಹಾ ಸುರಿಯಲಿಲ್ಲ.

ತಿಂಗಳ ಮೇಲೆ ಒಂದು ಭಾನುವಾರ ಅವಳು ವಾಡಿಗೆ ಹೋದಳು. ಮಶಾಕ್ ಎದ್ದು ಹೊರಗೆ ಹೋದ. ಜಬೀನಾ ಚಹಾ ತಂದಿಟ್ಟಳು. ಸಾಯಿರಾ ಗೋಡೆಗೆ ಒರಗಿ, "ಹೇಳು," ಎಂದಳು. "ಸಿನಿಮಾ ಅಷ್ಟೇ ಹೇಳು. ನನ್ನ ಅದರಾಗ ತರಬ್ಯಾಡ."

"ಅದು ಆಗಂಗಿಲ್ಲ ಆಪಾ. ನೋಡೋ ಹೊತ್ತಿನ್ಯಾಗ ನೀವು ಬಾಜೂಕ ಕುಂತೇ ಇರ್ತೀರಿ."

"ಆಗ್ಲಿಲ್ಲ ಅಂದ್ರ ಎದ್ದು ಹೋಗು."

ರತ್ನಾಬಾಯಿ ಎದ್ದು ಹೋಗಲಿಲ್ಲ. ಇರಾನಿನ ಒಂದು ಸಿನಿಮಾ ಹೇಳತೊಡಗಿದಳು. ಎಷ್ಟೋ ವರ್ಷ ಜೈಲಿನಲ್ಲಿದ್ದ ಮಗ ಮನೆಗೆ ಬರುತ್ತಾನೆ, ಆದರೆ ತಾಯಿ ಅವನನ್ನು ಮುಟ್ಟುವುದಿಲ್ಲ. "ಆ ದೇಶದಾಗ ಸಿನಿಮಾದೊಳಗ ಹಂಗ ಗಂಡಸ್ರು ಹೆಂಗಸ್ರು ಮುಟ್ಟೋದು ತೋರ್ಸಂಗಿಲ್ಲಂತ ಕಾಣ್ತದ ಆಪಾ. ಅಂವ ಕೋಟು ಬಿಚ್ಚಿ ಗ್ವಾಡಿ ಮೊಳಿಗಿ ಹಾಕಿ ಜಳಕಕ್ಕ ಹೋಗ್ತಾನ. ಆಕಿ ಬಂದು ಆ ಕೋಟಿನ ತೋಳ ಹಿಂಗ, ಮ್ಯಾಲಿಂದ ಕೆಳಗಿನ ತನಕ ಸವರ್ತಾಳ. ತೋಳ ಮುಗದ ಮ್ಯಾಲ ಕೈ ಎಲ್ಲಿ ಇಡಬೇಕು ಅಂತ ಆಕಿಗಿ ತಿಳಿಯಂಗಿಲ್ಲ."

ಸಾಯಿರಾ ತಲೆ ಎತ್ತಿದಳು. "ಕೋಟು ಎಂಥದ್ದು? ಉಣ್ಣಿದೋ, ಕಾಟನ್ನೋ?"

"ಕಾಟನ್ನೇ ಅನಸ್ತು."

"ಜೈಲಿಂದ ಬಂದವ ಕಾಟನ್ ಕೋಟು ಹಾಕ್ಕೊಂಡು ಬರ್ತಾನೇನು? ಅಲ್ಲಿ ಥಂಡಿ ಎಷ್ಟಿರ್ತದ! ನೀ ಸರಿ ನೋಡಿಲ್ಲ."

"ನಾ ನೋಡೀನಿ. ನಲವತ್ತು ವರ್ಷ ಬಟ್ಟಿ ಹಿಡದೀನಿ, ನನಗ ಹೇಳ್ತೀರೇನು?"

"ಹಂಗಾದ್ರ ಅದನ್ನ ಹೊಲದಾಂವಗೇ ಬುದ್ಧಿ ಇಲ್ಲ," ಎಂದಳು ಸಾಯಿರಾ. ಜಪಾನಿನ ಆ ಚಪ್ಪಲಿಯ ವಾದದಲ್ಲಿ ಏರಿದಂತೆಯೇ ಇಬ್ಬರ ದನಿಯೂ ಏರಿತು.